ಕೆಂಪು ನಲ್ಲಿಯ ತಣ್ಣೀರು

ಹೊಸದಾಗಿ ದುಬೈಗೆ ಬಂದವರಿಗೆ ಮೆಹರುನ್ನಿಸ ಕಲಿಸುತ್ತಿದ್ದ ಮೊದಲ ಪಾಠ ಬಚ್ಚಲುಮನೆಯದ್ದು. ಊರಿನಿಂದ ಯಾರೇ ಬರಲಿ, ಮಗನ ಗೆಳೆಯನಿರಲಿ, ವಿಸಿಟ್ ವೀಸಾದಲ್ಲಿ ಬಂದ ನಾದಿನಿಯಿರಲಿ, ಚೀಲ ಕೆಳಗಿಟ್ಟು ಮುಖ ತೊಳೆಯಲು ಹೊರಟವರನ್ನು ಬಾಗಿಲಲ್ಲೇ ತಡೆದು ನಿಲ್ಲಿಸುವಳು.

"ನೀಲಿ ನಲ್ಲಿ ಮುಟ್ಬೇಡಿ. ಕೆಂಪು ತೆರೀರಿ. ತಣ್ಣೀರು ಬರುದು ಅದ್ರಲ್ಲಿ."

ಬಂದವರು ನಗುವರು. "ಎಂತ ಮಾರಾಯ್ತಿ, ನಿಮ್ಮ ದುಬೈಯಲ್ಲಿ ಎಲ್ಲ ಉಲ್ಟಾವಾ?"

"ಬೇಸಿಗೆ ಮುಗಿಯುವವರೆಗೆ ಉಲ್ಟಾ. ನಂಬಿಕೆ ಇಲ್ಲದಿದ್ರೆ ನೀಲಿ ತೆರೆದು ನೋಡಿ. ಬೆರಳಿನ ಚರ್ಮ ಇಲ್ಲೇ ಬಿಟ್ಟು ಊರಿಗೆ ಹೋಗ್ಬಹುದು."

ಮಾತು ತಮಾಷೆಯದ್ದು, ಆದರೆ ಸುಳ್ಳಲ್ಲ. ದೇರಾದ ಮೀನು ಮಾರುಕಟ್ಟೆಯ ಹಿಂದಿನ ಆ ಹಳೆಯ ಕಟ್ಟಡದಲ್ಲಿ ನೀರಿನ ಟಾಂಕಿ ತಾರಸಿಯ ಮೇಲೆ ಬಿಸಿಲಿಗೆ ಮೈಯೊಡ್ಡಿ ನಿಂತಿತ್ತು. ಮೇ ತಿಂಗಳು ಕಾಲಿಟ್ಟಿತೆಂದರೆ ಅದರೊಳಗಿನ ನೀರು ಒಲೆಯ ಮೇಲಿನ ಎಸರಿನಂತೆ ಕಾಯುವುದು. ನೀಲಿ ನಲ್ಲಿಗೆ ಬರುವುದು ನೇರ ಆ ನೀರು. ಆದರೆ ಬಚ್ಚಲಿನ ಫಾಲ್ಸ್ ಸೀಲಿಂಗಿನ ಮೇಲೆ ಹೀಟರಿನ ಟಾಂಕಿಯೊಂದು ಬಸುರಿ ಎಮ್ಮೆಯ ಹಾಗೆ ಅಡ್ಡ ಮಲಗಿತ್ತು. ಬೇಸಿಗೆ ಬಂದದ್ದೇ ಅದರ ಸ್ವಿಚ್ಚು ಆರಿಸಿಬಿಟ್ಟರೆ, ಒಳಗೆ ನಿಂತ ನೀರು ಎಸಿಯ ತಂಪಿಗೆ ನಿಧಾನವಾಗಿ ಆರುವುದು. ಬಿಸಿನೀರಿಗೆಂದು ಮಾಡಿದ ಕೆಂಪು ನಲ್ಲಿಯಲ್ಲಿ ಆಗ ತಣ್ಣೀರು. ಕೊಲ್ಲಿಯಲ್ಲಿ ಬಾಳಿದವರಿಗೆಲ್ಲ ಈ ಉಪಾಯ ಗೊತ್ತು, ಕೈಗೂ ಅದೇ ಅಭ್ಯಾಸ.

ಮೆಹರುನ್ನಿಸಳ ಗಂಡ ಇದಿನಬ್ಬ ಆ ಟಾಂಕಿಯನ್ನು 'ನಮ್ಮ ಬಾವಿ' ಎನ್ನುತ್ತಿದ್ದರು. ಅವರ ಅಜ್ಜಿ ಹೇಳುತ್ತಿದ್ದ ಒಂದು ಕತೆಯಿತ್ತು. ನೀರು ಎಂಬವಳಿಗೆ ಬಿಸಿಲು ಅಣ್ಣನಂತೆ, ಭೂಮಿ ಅಕ್ಕನಂತೆ. ಬೇಸಿಗೆಯಲ್ಲಿ ಅಣ್ಣನ ಸಿಟ್ಟು ತಾಳಲಾರದೆ ಅವಳು ಅಕ್ಕನ ಮನೆಗೆ ಇಳಿದುಹೋಗುತ್ತಾಳಂತೆ. ಚಳಿಗಾಲದಲ್ಲಿ ಅಕ್ಕನ ಮಡಿಲಿನ ಬಿಸಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಮೇಲೆ ಬರುತ್ತಾಳಂತೆ. ಅದಕ್ಕೇ ಬಾವಿಯ ನೀರು ಬೇಸಿಗೆಗೆ ತಂಪು, ಚಳಿಗೆ ಬೆಚ್ಚಗೆ. ಕತೆ ಮುಗಿಸಿ ಇದಿನಬ್ಬ ಮೇಲೆ ಬೆರಳು ತೋರಿಸುವರು: "ದುಬೈಯಲ್ಲಿ ಪಾಪ ಅವಳಿಗೆ ಅಕ್ಕನ ಮನೆ ಇಲ್ಲ, ಅಗೆದರೆ ಉಪ್ಪು. ಹಾಗಾಗಿ ನಮ್ಮ ಅಟ್ಟದಲ್ಲಿ ಬಂದು ಅಡಗಿ ಕೂತಿದ್ದಾಳೆ."

ಇದಿನಬ್ಬ ಊರು ಬಿಟ್ಟು ದುಬೈ ಸೇರಿದ್ದು ಮೀಸೆ ಚಿಗುರುವ ಕಾಲದಲ್ಲಿ. ಅಂದಿನಿಂದ ದೇರಾದ ಮಸಾಲೆ ಬೀದಿಯ ಒಂದೇ ಅಂಗಡಿಯಲ್ಲಿ ಏಲಕ್ಕಿ, ಲವಂಗ, ಒಣನಿಂಬೆ ತೂಗಿದವರು. ಶುಕ್ರವಾರ ಅತ್ತರು ಹಚ್ಚಿಕೊಂಡರೂ ಅವರ ಅಂಗಿಯಿಂದ ಏಲಕ್ಕಿಯದ್ದೇ ಪರಿಮಳ. ಅಂಗಡಿಯಲ್ಲದೆ ಅವರಿಗೆ ಇನ್ನೊಂದು ಕೆಲಸವಿತ್ತು. ಅದನ್ನು ಯಾರೂ ವಹಿಸಿಕೊಟ್ಟದ್ದಲ್ಲ, ಅದಕ್ಕೆ ಸಂಬಳವೂ ಇರಲಿಲ್ಲ. ಊರ ಕಡೆಯವರು ಯಾರಾದರೂ ಲೇಬರ್ ಕ್ಯಾಂಪಿನಲ್ಲೋ ಆಸ್ಪತ್ರೆಯಲ್ಲೋ ಕಣ್ಣು ಮುಚ್ಚಿದರೆ, ಹತ್ತಿರದವರೆಂದು ಇಲ್ಲಿ ಯಾರೂ ಇಲ್ಲದಿದ್ದರೆ, ಊರವರೆಲ್ಲ ಇದಿನಬ್ಬಾಕ ಎಂದು ಕರೆಯುತ್ತಿದ್ದ ಇವರಿಗೆ ಫೋನು ಬರುತ್ತಿತ್ತು. ಅವರು ಹೋಗಿ ಮಯ್ಯತ್ ತೊಳೆಯುತ್ತಿದ್ದರು, ಮಣ್ಣಿಗಿಡುವ ಮುಂಚಿನ ಕೊನೆಯ ಸ್ನಾನ. ಬೋರೆ ಎಲೆಯ ನೀರು, ಕೊನೆಗೆ ಕರ್ಪೂರದ ನೀರು. ಮೊದಲು ಬಲಗಡೆ, ಆಮೇಲೆ ಎಡಗಡೆ. ಮಲಗಿದ ಮಗುವಿಗೆ ಎಚ್ಚರವಾಗದಿರಲೆಂಬಂತೆ ನಿಧಾನವಾಗಿ.

ಅಂಥ ದಿನ ಮನೆಗೆ ಬಂದು ತಾವೂ ಸ್ನಾನ ಮಾಡಿ ಗಂಜಿಯ ಮುಂದೆ ಕೂರುವರು. ಹೇಗಿದ್ದರು, ಏನಾಗಿತ್ತು ಎಂದು ಮೆಹರುನ್ನಿಸ ಕೇಳಿದರೆ ಒಂದೇ ಉತ್ತರ.

"ತೊಳೆದವ ಕಂಡದ್ದನ್ನು ಹೇಳ್ಬಾರದು."

ಒಮ್ಮೆ ಮಾತ್ರ, ಎತ್ತರದ ಕಟ್ಟಡದಿಂದ ಬಿದ್ದ ಒಬ್ಬನನ್ನು ತೊಳೆದು ಬಂದ ದಿನ, ಉಪ್ಪಿನಕಾಯಿಯ ಕಡೆ ನೋಡುತ್ತ ಅಂದಿದ್ದರು: "ಜೀವ ಇದ್ದಾಗ ಅವನಿಗೆ ಯಾರೂ ಇಷ್ಟು ನಿಧಾನಕ್ಕೆ ನೀರು ಹೊಯ್ದಿರ್ಲಿಕ್ಕಿಲ್ಲ."

ಎರಡು ಸಾವಿರದ ಏಳರ ಜನವರಿಯಲ್ಲಿ, ಗಿರಾಕಿಯೊಬ್ಬನಿಗೆ ಏಲಕ್ಕಿ ತೂಗುತ್ತಿದ್ದಾಗ ಅವರ ಕೈಯಿಂದ ತಕ್ಕಡಿ ಜಾರಿತು. ಬಗ್ಗಿ ಹೆಕ್ಕಲು ಹೋದವರು ಏಳಲಿಲ್ಲ. ಆಸ್ಪತ್ರೆಯಿಂದ ಮನೆಗೆ ಬರುವಾಗ ಕಾಲು ಅರ್ಧ ಮರಳಿತ್ತು, ಮಾತು ಮುಕ್ಕಾಲು ಮರಳಿತ್ತು, ಬಲಗೈ ಮರಳಲೇ ಇಲ್ಲ. ಅದು ಹೆಗಲಿನಿಂದ ತೂಗುತ್ತಿತ್ತು ಅಷ್ಟೆ. ಸೂಜಿ ಚುಚ್ಚಿದರೂ ಅದಕ್ಕೆ ಸುದ್ದಿಯಿಲ್ಲ.

ಊಟ ಎಡಗೈಗೆ ಹೋಯಿತು. ಅಂಗಿಯ ಗುಂಡಿ, ಔಷಧಿಯ ಡಬ್ಬಿ, ಚಪ್ಪಲಿಯ ಪಟ್ಟಿ ಎಲ್ಲ ಮೆಹರುನ್ನಿಸಳ ಕೈಗೆ ಬಂತು. ಇದಿನಬ್ಬ ಎಲ್ಲದಕ್ಕೂ ಒಪ್ಪಿದರು, ಒಂದನ್ನು ಬಿಟ್ಟು. ಬಚ್ಚಲಿಗೆ ಅವರು ಒಬ್ಬರೇ ಹೋಗಬೇಕು. ಮಗ ನಿಹಾಲ್ ಗೋಡೆಗೆ ಹಿಡಿಕೆ ಹಾಕಿಸಿಕೊಟ್ಟ, ನಲ್ಲಿಯ ಕೆಳಗೆ ಸ್ಟೂಲು ತಂದಿಟ್ಟ. ಇದಿನಬ್ಬ ಸ್ಟೂಲಿನ ಮೇಲೆ ಕೂತು ಎಡಗೈಯಿಂದ ನಲ್ಲಿ ತೆರೆಯುವರು, ಚಳಿಯಲ್ಲಿ ನೀಲಿ, ಬೇಸಿಗೆ ಬಂದ ಮೇಲೆ ಕೆಂಪು. ಬಲಗೈಯನ್ನು ಎಡಗೈಯಿಂದ ಎತ್ತಿ ಧಾರೆಗೆ ಹಿಡಿಯುವರು. ಆಮೇಲೆ ಎಡಗೈ, ಬಾಯಿ, ಮುಖ, ತಲೆ, ಕಾಲು. ಧಾರೆ ಬೀಳುತ್ತಿದ್ದರೆ ಒಂದೇ ಕೈಯಲ್ಲಿ ನಮಾಜಿಗೆ ಮುಂಚಿನ ವುಝೂ ಆಗುತ್ತದೆ, ಸ್ನಾನವೂ ಆಗುತ್ತದೆ. ಬಕೆಟು ಚೊಂಬಿನಲ್ಲಿ ಆಗುವುದಿಲ್ಲ. ಚೊಂಬು ಹಿಡಿದ ಕೈಗೆ ನೀರು ಹೊಯ್ಯುವವರು ಯಾರು?

"ನಾನು ಹೊಯ್ತೇನೆ, ಕೊಡಿ," ಎಂದು ಅವಳು ಮೊದಲ ವಾರವೇ ಕೇಳಿದ್ದಳು.

"ಹೆಂಡತಿಯ ಕೈ ತಾಗಿದ್ರೆ ವುಝೂ ಮುರೀತದೆ. ಮದ್ರಸಕ್ಕೆ ಹೋಗ್ಲಿಲ್ವಾ ನೀನು?"

"ತಾಗದ ಹಾಗೆ ಹೊಯ್ತೇನೆ."

ಅವರು ಹೇಳಿದ್ದರು: "ಬೇರೆಯವರ ಕೈಯಿಂದ ನೀರು ಹೊಯ್ಸಿಕೊಂಡವರನ್ನು ನಾನು ಸುಮಾರು ನೋಡಿದ್ದೇನೆ, ಮೆಹರು. ಅವರಲ್ಲಿ ಒಬ್ಬರೂ ಎದ್ದು ಮನೆಗೆ ಹೋಗ್ಲಿಲ್ಲ."

ಆ ಮಾತಿನ ನಂತರ ಅವಳು ಕೇಳಲಿಲ್ಲ. ಅವರು ಒಳಗೆ ಹೋಗಿ ಅಗುಳಿ ಹಾಕಿಕೊಳ್ಳುವರು. ಹಾಕಬೇಡಿ ಎಂದರೂ ಹಾಕುವರು. ಅವಳು ಹೊರಗೆ ಚಾಪೆಯ ಮೇಲೆ ತಸ್ಬೀಹಿನ ಮಣಿ ಎಣಿಸುತ್ತ ನೀರಿನ ಸದ್ದಿಗೆ ಕಿವಿ ಕೊಟ್ಟು ಕೂರುವಳು. ಸದ್ದು ನಿಂತು ಅಗುಳಿ ತೆಗೆದಾಗ ಬಾಗಿಲಲ್ಲಿ ಕಾಣುತ್ತಿದ್ದವರು ಹಳೆಯ ಇದಿನಬ್ಬ. ಗಡ್ಡದಿಂದ ತೊಟ್ಟಿಕ್ಕುವ ನೀರು, ಎತ್ತಿದ ತಲೆ, ಮುಖದಲ್ಲಿ ಒಂದು ಗೆಲುವು. ಉಳಿದ ಹೊತ್ತೆಲ್ಲ ರೋಗಿ, ಆ ಬಾಗಿಲು ತೆರೆದ ಗಳಿಗೆ ಮಾತ್ರ ಮನೆಯ ಯಜಮಾನ.

ಜೂನ್ ತಿಂಗಳಲ್ಲಿ ಬಾವಿ ಸೋರತೊಡಗಿತು.

ಕಟ್ಟಡದ ರಿಪೇರಿ ಕೆಲಸ ನೋಡಿಕೊಳ್ಳುತ್ತಿದ್ದವನು ಮೂಲ್ಕಿಯ ಶಾಮಸುಂದರ. ಏಣಿ ಹತ್ತಿ, ಸೀಲಿಂಗಿನ ಹಲಗೆ ಸರಿಸಿ, ಟಾರ್ಚು ಹಿಡಿದು ನೋಡಿದವನು ತಲೆ ಒಳಗಿಟ್ಟುಕೊಂಡೇ ಮಾತಾಡಿದ.

"ಅಕ್ಕ, ಇದರ ಹೊಟ್ಟೆ ತುಕ್ಕು ತಿಂದಿದೆ. ಈಗ ಹೇಗಾದ್ರೂ ಮುಚ್ಚಿ ಕೊಡ್ತೇನೆ. ಮತ್ತೆ ಸೋರಿದ್ರೆ ಖಲಾಸ್."

"ಖಲಾಸ್ ಅಂದ್ರೆ? ಇಂಥದ್ದೇ ಹೊಸದು ಹಾಕಿದ್ರೆ ಆಯ್ತಲ್ಲ?"

"ಅದೇ ಆಗುದಿಲ್ಲ. ಲಿಫ್ಟಿನ ಹತ್ರ ಅಂಟಿಸಿದ್ದು ನೋಡ್ಲಿಲ್ವಾ? ಈ ವರ್ಷದಿಂದ ಕಟ್ಟಡದ ಕಂಪನಿಯ ರೂಲು. ಇದ್ದ ಹೀಟರು ನಡೆಯುವಷ್ಟು ದಿನ ನಡೀಲಿ, ಸಣ್ಣಪುಟ್ಟ ರಿಪೇರಿಯೂ ಮಾಡ್ಬಹುದು. ಆದ್ರೆ ಒಮ್ಮೆ ಬಿಚ್ಚಿ ಬೇರೆ ಹಾಕುದಾದ್ರೆ ಕರೆಂಟು ಉಳಿಸುವ ಹೊಸ ಮಾಡೆಲ್ಲೇ ಹಾಕ್ಬೇಕು. ಅದಕ್ಕೆ ಟಾಂಕಿ ಇಲ್ಲ. ಗೋಡೆ ಮೇಲೆ ಸಣ್ಣ ಡಬ್ಬ. ನಲ್ಲಿ ತೆರೆದ ಕೂಡ್ಲೇ ನೀರು ಹೋಗ್ತಾ ಹೋಗ್ತಾ ಬಿಸಿಯಾಗ್ತದೆ."

"ಟಾಂಕಿ ಇಲ್ಲದಿದ್ರೆ ತಣ್ಣೀರು ಎಲ್ಲಿ ನಿಲ್ಲುದು ಶಾಮಣ್ಣ?"

ಅವನು ತಲೆ ಹೊರಗೆ ತಂದ. ಕೂದಲಲ್ಲಿ ಜೇಡರ ಬಲೆ. "ಹೀಟರು ಇರುದು ಬಿಸಿನೀರಿಗಲ್ವಾ ಅಕ್ಕ?" ಎಂದು ನಕ್ಕವನು ಅವಳ ಮುಖ ನೋಡಿ ನಗು ನುಂಗಿದ. "ರೂಲು ಮಾಡಿದವರದ್ದೂ ತಪ್ಪಲ್ಲ. ಹಳೇದು ಇಡೀ ದಿನ ಅಷ್ಟು ನೀರನ್ನು ಸುಮ್ಮನೆ ಕಾಯಿಸ್ತಾ ಕೂರ್ತದೆ. ಎಷ್ಟು ಕರೆಂಟು ದಂಡ!"

"ನಾವು ಇದಕ್ಕೆ ಕರೆಂಟು ಕೊಡುದೇ ಇಲ್ಲ. ಸ್ವಿಚ್ಚು ಮುಟ್ಟದೆ ಎಷ್ಟು ತಿಂಗಳಾಯ್ತು. ಇದಕ್ಕಿಂತ ಉಳಿಸುವ ಮಾಡೆಲ್ಲು ಯಾವುದುಂಟು?"

ಶಾಮಸುಂದರ ಏಣಿಯ ಮೇಲಿಂದಲೇ ಆಚೆ ತಿರುಗಿ ನೋಡಿದ. ನಡುಮನೆಯಲ್ಲಿ ಇದಿನಬ್ಬಾಕ ಎಡಗೈಯಲ್ಲಿ ಪೇಪರು ಹಿಡಿದು, ಹಾಳೆ ತಿರುವಲು ಅದನ್ನು ಮೊಣಕಾಲಿನ ಮೇಲೆ ಇಡುತ್ತಿರುವುದು ಅಲ್ಲಿಂದ ಕಾಣುತ್ತಿತ್ತು. ಅವನ ಸ್ವಂತ ಮಾವನಿಗೆ ಹಿಂದೆ ಇವರೇ ಅಂಗಡಿಯಲ್ಲಿ ಕೆಲಸ ಕೊಡಿಸಿದ್ದರು.

"ಮುಚ್ಚಿ ಕೊಡ್ತೇನೆ ಅಕ್ಕ," ಎಂದ. "ನನ್ನಿಂದಾದಷ್ಟು ದಿನ."

ಮುಚ್ಚಿದ್ದು ಜುಲೈಯವರೆಗೆ ತಡೆಯಿತು. ಮತ್ತೆ ಮುಚ್ಚಿದ. ಅದು ಜುಲೈ ನಡುವಿನಲ್ಲಿ ಬಿಟ್ಟಿತು. ಈ ಸಲ ಮೆಹರುನ್ನಿಸ ಅವನನ್ನು ಕರೆಯಲಿಲ್ಲ. ಸ್ಟೂಲು ಹತ್ತಿ ಹಲಗೆ ಸರಿಸಿ, ಟಾಂಕಿಯ ಕೆಳಗೆ ತಾನೇ ಒಂದು ಬೋಗುಣಿ ಇಟ್ಟಳು. ಬೆಳಿಗ್ಗೆ ಒಮ್ಮೆ ಸಂಜೆ ಒಮ್ಮೆ ಅದನ್ನು ಗಂಡನಿಗೆ ಗೊತ್ತಾಗದಂತೆ ಖಾಲಿ ಮಾಡಿದಳು. ನೀರು ಬೋಗುಣಿಯನ್ನು ತಪ್ಪಿಸಿ ಪೈಪಿನ ಗುಂಟ ಗೋಡೆಯೊಳಗೆ ಇಳಿದದ್ದು ಅವಳಿಗೆ ಗೊತ್ತಾಗಲಿಲ್ಲ.

ಒಂದು ಮಧ್ಯಾಹ್ನ ಬಾಗಿಲು ಬಡಿದದ್ದು ಕೆಳಗಿನ ಮನೆಯ ಮಾರ್ಟಿನಾ. ಊರ ಕಡೆಯ ಕುಲಶೇಖರದವಳು, ಒಂಟಿ, ಕ್ಲಿನಿಕ್ಕಿನಲ್ಲಿ ನರ್ಸು. ಡ್ಯೂಟಿಯ ಬಿಳಿ ಬಟ್ಟೆ ಇನ್ನೂ ಬಿಚ್ಚಿರಲಿಲ್ಲ.

"ಅಕ್ಕಾ, ನಿಮ್ಮಲ್ಲಿ ಮಳೆಗಾಲ ಶುರುವಾಯ್ತಾ?"

"ಎಂತ ಮಾರ್ಟಿನಾ?"

"ನನ್ನ ಅಲ್ತಾರಿನ ಮೇಲೇ ಬೀಳ್ತಾ ಉಂಟು. ಮೇಣದ ಬತ್ತಿ ಹಚ್ಚಿದ್ರೆ ಚುಯ್ಯ್ ಅಂತ ನಂದಿಹೋಗ್ತದೆ. ಮಾತೆಗೆ ಕೊಡೆ ಹಿಡಿದು ಹಿಡಿದು ನನಗೆ ಸಾಕಾಯ್ತು."

ಮೆಹರುನ್ನಿಸ ಅವಳ ಕೈ ಹಿಡಿದು ಅಡುಗೆಮನೆಗೆ ಎಳೆದುಕೊಂಡು ಹೋದಳು. ಸ್ವರ ತಗ್ಗಿಸಿ ಎಲ್ಲ ಹೇಳಿದಳು. ಬಾವಿ, ಬಾಗಿಲ ಅಗುಳಿ, ಟಾಂಕಿ ಇಲ್ಲದ ಹೊಸ ಡಬ್ಬ. ಮಾರ್ಟಿನಾ ಗೋಡೆಗೆ ಒರಗಿ ಕೇಳಿದಳು.

"ನಿನ್ನ ಮನೆ ಹಾಳಾಗ್ತದೆ, ನನಗೆ ಗೊತ್ತುಂಟು. ಈ ಬೇಸಿಗೆ ಒಂದು ದಾಟಲಿ ಮಾರ್ಟಿನಾ. ಚಳಿ ಶುರುವಾದ್ರೆ ನೀಲಿ ನಲ್ಲಿಯಲ್ಲೇ ತಣ್ಣೀರು ಬರ್ತದೆ."

"ಆಯ್ತು ಬಿಡಿ. ಅಲ್ತಾರನ್ನು ಆಚೆ ಗೋಡೆಗೆ ಇಡ್ತೇನೆ. ಮಾತೆಗೆ ಮನೆ ಬದಲಾಯಿಸಿ ಅಭ್ಯಾಸ ಉಂಟು, ಮಗುವನ್ನು ಕಟ್ಟಿಕೊಂಡು ಈಜಿಪ್ತಿಗೇ ಹೋದವಳಲ್ವಾ?" ಬಾಗಿಲು ದಾಟುವಾಗ ತಿರುಗಿ ನೋಡಿದಳು. "ಒಂದು ಬಕೆಟು ಮಾತ್ರ ಕೊಡಿ ಅಕ್ಕ. ನಿಮ್ಮ ನೀರು, ನಿಮ್ಮ ಬಕೆಟು."

ಅಂದಿನಿಂದ ಮೆಹರುನ್ನಿಸ ನಮಾಜಿನ ನಂತರ ಕೈಯೆತ್ತಿದಾಗಲೆಲ್ಲ ಚಳಿಯನ್ನು ಬೇಡಿದಳು. ಆಗಸ್ಟಿನ ಧಗೆಯಲ್ಲಿ ಕೂತು ಚಳಿ ಕೊಡು ದೇವರೇ ಎಂದು ಬೇಡುವುದು ಹೊಲ ಉಳುವ ಮುಂಚೆ ಕೊಯಿಲು ಕೇಳಿದಂತೆ. ಕೇಳುವವನಿಗೆ ಎಲ್ಲ ಗೊತ್ತು, ಆದರೆ ಋತುಗಳಿಗೆ ಅವನು ಕೊಟ್ಟ ಮಾತೂ ಇರುತ್ತದಲ್ಲ.

ಆಗಸ್ಟ್ ಕೊನೆಯ ಒಂದು ದಿನ ನಿಹಾಲ್ ತನ್ನ ಉಪ್ಪನನ್ನು ವ್ಯಾಯಾಮಕ್ಕೆಂದು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದ. ಕೆಳಗಿನ ಮನೆಯಲ್ಲಿ ಏನೋ ಧೊಪ್ಪನೆ ಬಿದ್ದ ಸದ್ದಾಯಿತು. ಮೆಹರುನ್ನಿಸ ಇಳಿದು ಓಡಿದಳು. ಮಾಡಿನ ಗಾರೆಯ ದೊಡ್ಡ ಹೆಂಟೆಯೊಂದು ಕಳಚಿ ಮಾರ್ಟಿನಾಳ ಮಂಚದ ಮೇಲೆ, ದಿಂಬಿನ ಪಕ್ಕದಲ್ಲೇ ಬಿದ್ದಿತ್ತು. ಮಾರ್ಟಿನಾ ಅಡುಗೆಮನೆಯ ಬಾಗಿಲಲ್ಲಿ ಚಹಾದ ಲೋಟ ಹಿಡಿದು ನಿಂತಿದ್ದಳು.

"ಏನೂ ಆಗ್ಲಿಲ್ಲ ಅಕ್ಕ," ಎಂದಳು ಅವಳು. "ಚಹಾ ಮಾಡ್ಲಿಕ್ಕೆ ಎದ್ದಿದ್ದೆ. ಏನೂ ಆಗ್ಲಿಲ್ಲ."

ಆ 'ಏನೂ ಆಗಲಿಲ್ಲ' ಎಂಬ ಮಾತು ಮೆಹರುನ್ನಿಸಳ ಎದೆಗೆ ನಾಟಿತು. ಒಬ್ಬರ ನೆರಳಿಗೆಂದು ಇನ್ನೊಬ್ಬರ ಮಾಡು ಕೀಳುವುದನ್ನು ಯಾವ ದೇವರು ಮೆಚ್ಚುತ್ತಾನೆ? ನೆರೆಯವರ ಹಕ್ಕಿನ ಬಗ್ಗೆ ಉಸ್ತಾದರು ಹೇಳಿದ್ದನ್ನೆಲ್ಲ ತಲೆಯ ಮೇಲೆ ಸೆರಗೆಳೆದುಕೊಂಡು ಕೇಳಿದವಳು ಅವಳು. ಮೆಟ್ಟಿಲ ಮೇಲೆ ನಿಂತೇ ಶಾಮಸುಂದರನಿಗೆ ಫೋನು ಮಾಡಿದಳು.

"ಬಂದು ಬಿಚ್ಚು ಶಾಮಣ್ಣ. ಈಗಲೇ. ಅವರು ಮನೆಗೆ ಬರುವ ಮುಂಚೆ."

ಅವನು ಬಂದ. ಇಳಿಸುವ ಮೊದಲು ಟಾಂಕಿಯ ನೀರು ಬಿಡಬೇಕೆಂದಾಗ ಅವಳು ಚರಂಡಿಗೆ ಬಿಡಗೊಡಲಿಲ್ಲ. ಬಕೆಟು, ಕೊಡ, ಬಿರಿಯಾನಿಯ ದೊಡ್ಡ ಪಾತ್ರೆ, ಕೈಗೆ ಸಿಕ್ಕಿದ್ದನ್ನೆಲ್ಲ ತಂದು ಒಡ್ಡಿದಳು. ತುಕ್ಕಿನ ಬಣ್ಣ ಸ್ವಲ್ಪ ಇದ್ದರೂ ನೀರು ಹಿತವಾಗಿ ತಣ್ಣಗಿತ್ತು. ಎಲ್ಲವನ್ನೂ ಸಾಲಾಗಿ ಮಲಗುವ ಕೋಣೆಯಲ್ಲಿ, ಎಸಿಯ ಕೆಳಗೆ ಇಟ್ಟು ಬಟ್ಟೆ ಮುಚ್ಚಿದಳು. ಬರಿದಾದ ಟಾಂಕಿಯನ್ನು ಶಾಮಸುಂದರ ಹೆಗಲ ಮೇಲೆ ಹೊತ್ತು ಲಿಫ್ಟಿಗೆ ಹೋಗುವಾಗ, ಯಾಕೋ, ಅವಳು ಬಾಗಿಲವರೆಗೆ ಹೋಗಿ ನಿಂತಳು.

ಹೊಸ ಡಬ್ಬ ಬಿಳಿಯಾಗಿ ಚೊಕ್ಕವಾಗಿತ್ತು. ಮುಖದ ಮೇಲೆ ಹಸಿರು ದೀಪವೊಂದು ಸಣ್ಣಗೆ ಉರಿಯುತ್ತಿತ್ತು. ಶಾಮಸುಂದರ ನಲ್ಲಿ ತೆರೆದು ಪರೀಕ್ಷೆ ಮಾಡಿದ, ಮುಚ್ಚಿದ, ಕೈ ಒರೆಸಿಕೊಂಡ. ಅಷ್ಟರಲ್ಲಿ ಮತ್ತೊಂದು ಮನೆಯಿಂದ ಅವನ ಫೋನು ಅರಚಿತು. ಸ್ವಿಚ್ಚು ಆರಿಸುವುದನ್ನು ಅವನು ಮರೆತ. ಅವಳಿಗೂ ಹೊಳೆಯಲಿಲ್ಲ. ಬೇಸಿಗೆಯಲ್ಲಿ ಆ ಸ್ವಿಚ್ಚನ್ನು ಯಾರಾದರೂ ಹಾಕಿರಬಹುದೆಂಬ ಯೋಚನೆಯೇ ಆ ಮನೆಯಲ್ಲಿ ಇರಲಿಲ್ಲ.

ಗಂಡನಿಗೆ ಹೇಗೆ ಹೇಳುವುದು? ಮೊದಲು ಶರಬತ್ತು ಕೊಡಬೇಕು, ಉಸಿರು ಇಳಿಯಲಿ, ಆಮೇಲೆ ಪಕ್ಕದಲ್ಲಿ ಕೂತು ಮಾರ್ಟಿನಾಳ ಮಂಚದಿಂದ ಶುರು ಮಾಡಬೇಕು. ಹೀಗೆ ಲೆಕ್ಕ ಹಾಕಿ ಅವಳು ಅಡುಗೆಮನೆಯಲ್ಲಿ ನಿಂಬೆ ಹಿಂಡುತ್ತಿದ್ದಳು. ಆಸ್ಪತ್ರೆಯಲ್ಲಿ ತಡವಾಗಿತ್ತು. ನಿಹಾಲ್ ಉಪ್ಪನನ್ನು ಬಾಗಿಲಲ್ಲಿ ಬಿಟ್ಟು, ಕಾರು ನಿಲ್ಲಿಸಲು ಜಾಗ ಹುಡುಕುತ್ತ ಹೋದ. ಸಂಜೆಯ ಅಸರ್ ನಮಾಜಿನ ಹೊತ್ತು ಮೀರುತ್ತಿತ್ತು. ಇದಿನಬ್ಬ ಗೋಡೆ ಹಿಡಿದುಕೊಂಡು ನೇರ ಬಚ್ಚಲಿಗೆ ನಡೆದರು. ಅವಳಿಗೆ ಕೇಳಿಸಿದ್ದು ಅಗುಳಿ ಬಿದ್ದ ಸದ್ದು.

"ತೆರೀಬೇಡಿ! ಕೆಂಪು ನಲ್ಲಿ ತೆರೀಬೇಡಿ!"

ಕೂಗುತ್ತ ಓಡಿಬಂದಳು. ಒಳಗೆ ನೀರು ಬೀಳತೊಡಗಿತ್ತು. ಬಾಗಿಲಿನ ಕೆಳಗಿನ ಸಂದಿನಿಂದ ಬೆಚ್ಚನೆಯ ಹಬೆ ಅವಳ ಪಾದಕ್ಕೆ ತಾಗಿತು.

ಅಭ್ಯಾಸದಂತೆ ಅವರು ಮೊದಲು ಧಾರೆಗೆ ಹಿಡಿದದ್ದು ಬಲಗೈಯನ್ನು. ಆ ಕೈಗೆ ಬಿಸಿಯಿಲ್ಲ, ತಂಪಿಲ್ಲ. ಅವರು ಬಿಸ್ಮಿ ಹೇಳುತ್ತ ಅದನ್ನು ಹಾಗೆಯೇ ಹಿಡಿದುಕೊಂಡಿದ್ದರು. ಎಡಗೈ ನೀರಿಗೆ ಸೋಕಿದಾಗಲೇ ತಿಳಿದದ್ದು. ಮೆಹರುನ್ನಿಸ ಬಾಗಿಲು ಬಡಿಯುತ್ತಿದ್ದಳು. ಒಳಗಿನಿಂದ ಕೂಗಿಲ್ಲ, ನರಳಿಕೆಯಿಲ್ಲ. ನೀರು ನಿಂತಿತು. ಆಮೇಲೆ ಅಗುಳಿ ಸರಿಯಿತು.

ಬಾಗಿಲಲ್ಲಿ ನಿಂತವರ ಬಲಗೈ ಬೇಯಿಸಿದ ಸಿಗಡಿಯ ಬಣ್ಣಕ್ಕೆ ತಿರುಗಿತ್ತು. ಅವರು ಅದನ್ನು ಬೇರೆ ಯಾರದೋ ವಸ್ತುವೆಂಬಂತೆ ನೋಡುತ್ತಿದ್ದರು.

"ನಮ್ಮ ಬಾವಿ ಎಲ್ಲಿ, ಮೆಹರು?"

ಅವಳು ಮಾರ್ಟಿನಾಳನ್ನು ಕರೆಯಲು ಕೆಳಗೆ ಓಡಿದಳು.

ಮಾರ್ಟಿನಾ ಮೇಲೆ ಬಂದು ಮುಲಾಮು ಹಚ್ಚಿ ಹಗುರವಾಗಿ ಪಟ್ಟಿ ಕಟ್ಟಿದಳು. ಕಟ್ಟುತ್ತ ಕಟ್ಟುತ್ತ ಅವಳ ಕಣ್ಣಿಂದ ನೀರು ಇಳಿಯಿತು. "ನನ್ನಿಂದ ಆದದ್ದು ಕಾಕ. ನಾನು ಬೇರೆ ಕೋಣೆಯಲ್ಲಿ ಮಲಗಿದ್ರೆ ಆಗ್ತಿತ್ತು."

"ಮಾಡು ಬೀಳುವ ಮನೆಯಲ್ಲಿ ಯಾವ ಕೋಣೆಯಾದ್ರೆ ಎಂತ?" ಎಂದರು ಇದಿನಬ್ಬ. "ಅಳಬೇಡ. ಇದು ನೋಯುದಿಲ್ಲ. ಇಷ್ಟು ಒಳ್ಳೆಯ ಕೈ ಯಾರಿಗುಂಟು?"

ನಿಹಾಲ್ ಕೋಣೆಯ ಉದ್ದಗಲ ಅಳೆಯುತ್ತಿದ್ದ. ಕಂಪನಿಗೆ ದೂರು ಕೊಡುತ್ತೇನೆ ಎಂದ. ಸ್ವಿಚ್ಚು ಮರೆತದ್ದಕ್ಕೆ ಶಾಮಸುಂದರನನ್ನು ಬೈದ. ಕೊನೆಗೆ ಹೇಳಿದ: "ಉಪ್ಪ, ನಳ ಇರುವ ದೊಡ್ಡ ಡ್ರಮ್ಮು ಸಿಗ್ತದೆ. ಇಫ್ತಾರಿಗೆ ಶರಬತ್ತು ತುಂಬಿಸ್ತಾರಲ್ಲ, ಅಂಥದ್ದು. ನಾಳೆಯೇ ತಂದು ಸ್ಟೂಲಿನ ಮೇಲೆ ಇಡ್ತೇನೆ. ನೀವು ಮೊದಲಿನ ಹಾಗೆಯೇ ಒಬ್ಬರೇ..."

"ಬೇಡ ಮಗನೇ."

"ಎಂತಕ್ಕೆ ಬೇಡ?"

"ಸಾಕು."

ಮೆಹರುನ್ನಿಸ ಆ ಮಾತಿನಲ್ಲಿ ಸಿಟ್ಟು ಹುಡುಕಿದಳು. ಸಿಟ್ಟಿದ್ದರೆ ಅವಳಿಗೆ ಸಮಾಧಾನವಾಗುತ್ತಿತ್ತು. ಇರಲಿಲ್ಲ. ಅಂಗಡಿಯ ಬಾಗಿಲು ಹಾಕುವ ಹೊತ್ತಿಗೆ ಬಂದ ಗಿರಾಕಿಗೆ ಹೇಳುವ ಸ್ವರವಿತ್ತು.

ಮಗ ಶಾಮಸುಂದರನನ್ನು ಹುಡುಕಿಕೊಂಡು ಕೆಳಗೆ ಹೋದ ಮೇಲೆ ಅವರು ಅವಳನ್ನು ಕರೆದರು.

"ನನ್ನನ್ನು ಕೇಳಿದ್ರೆ ನಾನೂ ಬಿಚ್ಚು ಅಂತಲೇ ಹೇಳ್ತಿದ್ದೆ."

"ಗೊತ್ತುಂಟು. ಹೇಳುವಾಗ ನಿಮ್ಮ ಮುಖ ನೋಡುವ ಧೈರ್ಯ ನನಗಿರ್ಲಿಲ್ಲ."

ಅವರು ಬಟ್ಟೆ ಮುಚ್ಚಿದ ಪಾತ್ರೆಗಳ ಸಾಲನ್ನು ನೋಡಿದರು. "ಅದೆಂತ?"

"ನಿಮ್ಮ ಬಾವಿಯ ನೀರು. ಚೆಲ್ಲಲಿಕ್ಕೆ ಮನಸ್ಸು ಬರ್ಲಿಲ್ಲ."

ಇದಿನಬ್ಬ ಮೆಲ್ಲಗೆ ನಕ್ಕರು. "ಅಡಗಲಿಕ್ಕೆ ಜಾಗ ಇಲ್ಲದೆ ಬಿರಿಯಾನಿ ಪಾತ್ರೆಯಲ್ಲಿ ಬಂದು ಕೂತಳಾ?" ಆಮೇಲೆ ಹೇಳಿದರು: "ಅಸರ್ ಮುಗೀಲಿಕ್ಕೆ ಆಯ್ತು. ಬಾ, ಹೊಯ್ಯಿ."

ಅವಳು ಬಚ್ಚಲಿಗೆ ಬಕೆಟು ತಂದಳು. ಅವರು ಸ್ಟೂಲಿನ ಮೇಲೆ ಕೂತರು. ಬಾಗಿಲಿಗೆ ಅಗುಳಿ ಬೀಳಲಿಲ್ಲ. ಚೊಂಬಿನಲ್ಲಿ ನೀರೆತ್ತಿದವಳಿಗೆ ಎಲ್ಲಿಂದ ಶುರು ಮಾಡಬೇಕೆಂದು ತೋಚದೆ ಕೈ ನಿಂತಿತು.

"ಪಟ್ಟಿ ನೆನೆಯುದು ಬೇಡ, ಅದರ ಮೇಲೆ ಆಮೇಲೆ ಒದ್ದೆ ಕೈ ಸವರಿದ್ರೆ ಸಾಕು. ಆದ್ರೂ ಬಲಗಡೆಯಿಂದ ಹೋಗು," ಎಂದರು. "ಯಾವಾಗಲೂ ಬಲಗಡೆಯಿಂದ. ನಿಧಾನ. ನೀರು ಬಿದ್ದ ಸದ್ದು ಕೇಳ್ಬಾರದು, ಹರಿದ ಸದ್ದು ಕೇಳ್ಬೇಕು. ಹಾಂ. ಹಾಗೆ."

ಅವರು ಯಾವ ಕೆಲಸ ಕಲಿಸುತ್ತಿದ್ದಾರೆಂದು ಅವಳಿಗೆ ತಿಳಿಯಿತು. ಆದರೂ ಅವಳು ನಿಲ್ಲಿಸಲಿಲ್ಲ. ಚರ್ಮಕ್ಕೆ ಚರ್ಮ ತಾಗದಂತೆ, ಕೈ ಎತ್ತರದಲ್ಲಿಟ್ಟು, ಎಳೆಯಾಗಿ ನೀರು ಬಿಟ್ಟಳು. ಮುಖ, ಮೊಣಕೈ, ತಲೆ, ಕಾಲು. ಪಟ್ಟಿಯ ಮೇಲೆ ಅವರೇ ಎಡಗೈಯಿಂದ ಸವರಿಕೊಂಡರು. ಮುಗಿಯಿತು. ಅವರು ಏಳಲಿಲ್ಲ. ಒದ್ದೆಯಾದ ಎಡಗೈಯನ್ನು ಚಾಚಿ, ಚೊಂಬು ಹಿಡಿದಿದ್ದ ಅವಳ ಕೈಯ ಮೇಲೆ ಇಟ್ಟರು.

"ಅಯ್ಯೋ, ವುಝೂ ಮುರೀತಲ್ಲ!"

"ಮುರೀಲಿ," ಎಂದರು ಇದಿನಬ್ಬ. "ನೀರು ಉಂಟಲ್ಲ. ಇನ್ನೊಮ್ಮೆ ಹೊಯ್ಯಿ."

ಮದುವೆಯಾದಂದಿನಿಂದ ಆ ಮನುಷ್ಯ ವುಝೂ ಮಾಡಿದ ಮೇಲೆ ಅವಳಿಂದ ಒಂದು ಮೊಳ ದೂರ ಸರಿದೇ ನಡೆದವರು. ಅವಳು ಎರಡನೆಯ ಸಲ ನೀರೆತ್ತುವಾಗ ಅವರ ಕಣ್ಣು ಮುಚ್ಚಿತ್ತು, ಗಡ್ಡ ಒದ್ದೆಯಾಗಿತ್ತು. ಅದರಲ್ಲಿ ಬಾವಿಯ ನೀರೆಷ್ಟು, ಬೇರೆಯದೆಷ್ಟು ಎಂದು ಅವಳು ನೋಡಲು ಹೋಗಲಿಲ್ಲ.

ಅಂದಿನಿಂದ ಪ್ರತಿ ಹೊತ್ತಿಗೂ ಅವಳೇ ಹೊಯ್ದಳು. ಬಾವಿಯ ನೀರು ಮುಗಿದ ಮೇಲೆ ನೀಲಿ ನಲ್ಲಿಯ ನೀರನ್ನು ಹಿಂದಿನ ದಿನವೇ ಹಿಡಿದು ಎಸಿಯ ಕೆಳಗೆ ಆರಿಸಿಟ್ಟಳು. ಇದಿನಬ್ಬ ಈಗ ಬಾಗಿಲಿನಿಂದ ಹೊರಬರುವಾಗ ಸೆರಗು ಹೊದ್ದ ಅವಳ ಹೆಗಲು ಹಿಡಿದಿರುತ್ತಿದ್ದರು. ಎತ್ತಿದ ತಲೆ ಇರಲಿಲ್ಲ. ಆ ಗೆಲುವನ್ನು ಮತ್ತೆ ಅವಳು ಕಾಣಲಿಲ್ಲ. ಅದರ 'ಬದಲಿಗೆ' ಏನೋ ಸಿಕ್ಕಿತು ಎಂದು ಹೇಳಲು ಅವಳಿಗೆ ಯಾವತ್ತೂ ಬಾಯಿ ಬರಲಿಲ್ಲ. ಸಿಕ್ಕಿದ್ದು ಬೇರೆ, ಹೋದದ್ದು ಬೇರೆ.

ಅಕ್ಟೋಬರಿನ ಒಂದು ಬೆಳಿಗ್ಗೆ ಸುಬಹಿ ನಮಾಜಿಗೆ ಎಬ್ಬಿಸಲು ಹೋದಾಗ ಇದಿನಬ್ಬ ಏಳಲಿಲ್ಲ.

ಅವರ ಜೊತೆ ಅನೇಕರನ್ನು ತೊಳೆದಿದ್ದ ಹಿರಿಯರು ಬಂದರು. ಗಂಡಸರು ತೊಳೆಯುವುದು ವಾಡಿಕೆ. ಮೆಹರುನ್ನಿಸ ಸೆರಗು ಸರಿಮಾಡಿಕೊಂಡು ಅವರೆದುರು ನಿಂತಳು. "ಹೆಂಡತಿ ತೊಳೀಬಹುದಲ್ಲ? ನನಗೆ ಅವರೇ ಕಲಿಸಿದ್ದಾರೆ." ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ದಾರಿ ಬಿಟ್ಟರು. ಬದಿಗೆ ತಿರುಗಿಸಲು ಎತ್ತಿಕೊಡಲು ನಿಹಾಲ್ ಮಾತ್ರ ಅವಳೊಡನೆ ನಿಂತ. ಹೆಂಡತಿ ತೊಳೆಯುವಾಗ ಕೈಗೆ ಬಟ್ಟೆ ಸುತ್ತಿಕೊಳ್ಳಬೇಕೆಂದು ಒಬ್ಬರು ಬಿಳಿ ಬಟ್ಟೆ ಕೊಟ್ಟರು. ಅವಳು ಸುತ್ತಿಕೊಂಡಳು. ಬಲಗಡೆಯಿಂದ ಶುರು ಮಾಡಿದಳು. ಹರಿದ ಸದ್ದು ಮಾತ್ರ ಕೇಳುತ್ತಿತ್ತು. ಸುಟ್ಟ ಕೈಯಲ್ಲಿ ಹೊಸ ಚರ್ಮ ಮಗುವಿನದರಂತೆ ನಸುಗೆಂಪಾಗಿ ಬಂದಿತ್ತು. ಅದರ ಮೇಲೆ ನೀರು ಬಿಡುವಾಗ ಅವಳ ಕೈ ತನ್ನಷ್ಟಕ್ಕೆ ಇನ್ನೂ ಎತ್ತರಕ್ಕೆ ಸರಿಯಿತು, ತಾಗದಿರಲೆಂದು. ಇನ್ನು ಮುರಿಯಲು ವುಝೂ ಇಲ್ಲವೆಂಬುದು ಆಮೇಲೆ ನೆನಪಾಯಿತು.

ಡಿಸೆಂಬರಿನಲ್ಲಿ ಚಳಿ ಬಂತು, ಅವಳು ಬೇಡಿದ್ದಕ್ಕಿಂತ ಹೆಚ್ಚೇ ಬಂತು. ಶಾಮಸುಂದರ ಒಂದು ದಿನ ಬಾಗಿಲಲ್ಲಿ ನಿಂತು, ಒಳಗೆ ಬಾರದೆ, ನೆಲ ನೋಡುತ್ತ ಕೇಳಿದ: "ಹೊಸದು ಸರಿ ನಡೀತಾ ಉಂಟಾ ಅಕ್ಕ?"

"ಚೆನ್ನಾಗುಂಟು ಶಾಮಣ್ಣ. ತೆರೆದ ಕೂಡ್ಲೇ ಬಿಸಿ ಬರ್ತದೆ. ನಿನ್ನದೇನೂ ತಪ್ಪಿಲ್ಲ. ಬಾ, ಚಹಾ ಕುಡಿ."

ಅಂದು ಸಂಜೆ ಬಂದ ನಿಹಾಲ್ ತಾಯಿಯ ಪಕ್ಕ ಚಾಪೆಯ ಮೇಲೆ ಕೂತ. ಬಹಳ ದಿನಗಳಿಂದ ಕೇಳಬೇಕೆಂದುಕೊಂಡದ್ದನ್ನು ಕೇಳಿದ.

"ಉಮ್ಮ, ಆ ಕೊನೆಯ ದಿನಗಳಲ್ಲಿ ಉಪ್ಪ ನಿಮ್ಮತ್ರ ಏನಾದ್ರೂ ಹೇಳಿದ್ರಾ? ನೀವು ನೀರು ಹೊಯ್ಯುವಾಗ ಅವರಿಗೆ ಬೇಸರ ಇತ್ತಾ? ಅಳ್ತಿದ್ರಾ?"

ಮೆಹರುನ್ನಿಸ ತಸ್ಬೀಹಿನ ಮಣಿಯೊಂದನ್ನು ಬೆರಳಲ್ಲಿ ತಡೆದು ಹಿಡಿದಳು. ಈಗ ತೊಳೆದವಳು ಅವಳು. ಬಚ್ಚಲಿನ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಹಸಿರು ದೀಪ, ಅದರ ಕೆಳಗೆ ಖಾಲಿ ಸ್ಟೂಲು.

"ನೀರು ತಣ್ಣಗಿತ್ತು ಮಗನೇ," ಎಂದಳು, ಮತ್ತು ಮಣಿಯನ್ನು ಮುಂದೆ ಸರಿಸಿದಳು.